ಹ್ಯೂಸ್ಟನ್ ಕೋರ್ಟಿನಲ್ಲಿ ಒಂದು ಸ್ಟೀಲ್ ಡಬ್ಬಿ

ಫೋನ್ ಬಂದಾಗ ನಾನು ಹಾಸನದ ಕಡೆಯ ಒಂದು ಪಹಣಿಯನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದೆ. ಆಸ್ಟಿನ್ನಿನ ವಕೀಲೆಯೊಬ್ಬರು ಮಾತನಾಡಿದರು. ಬೆಂಗಳೂರಿನವರು, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಮನೆ. ಪರಿಚಯ ಹೇಳಿಕೊಂಡ ಮೇಲೆ ನೇರವಾಗಿ ಕೇಳಿದರು.

"ಮೇಡಂ, ಎರಡು ವರ್ಷದ ಹಿಂದೆ ಹುಬ್ಬಳ್ಳಿ ಕಡೆಯವರ ಒಂದು ಶಾಲೆ ದಾಖಲೆ, ಒಂದು ಮದುವೆ ಸರ್ಟಿಫಿಕೇಟು ಟ್ರಾನ್ಸ್‌ಲೇಟ್ ಮಾಡಿದ್ರಲ್ಲ, ನೆನಪಿದೆಯಾ?"

ನೆನಪಿರಲಿಲ್ಲ. ಹಾಗೆಂದೆ.

"ಕೆಳಗೊಂದು ಟಿಪ್ಪಣಿ ಹಾಕಿದ್ದೀರ. ಈಗ ಅದು ಫೆಡರಲ್ ಕೋರ್ಟಲ್ಲಿದೆ. ಮೇಲ್ ಮಾಡ್ತೀನಿ. ಕೂತ್ಕೊಂಡು ಓದಿ."

ನಾನು ಡಲ್ಲಾಸ್ ಬಳಿಯ ಕ್ಯಾರಲ್ಟನ್‌ನಲ್ಲಿ ಮನೆಯಿಂದಲೇ ಕನ್ನಡ ದಾಖಲೆಗಳನ್ನು ಅನುವಾದಿಸುವವಳು. ಪ್ರತಿ ಅನುವಾದದ ಕೊನೆಗೆ ಎರಡೂ ಭಾಷೆಗಳು ನನಗೆ ಬರುತ್ತವೆ, ಅನುವಾದ ಪೂರ್ಣವಾಗಿದೆ, ನಿಖರವಾಗಿದೆ ಎಂದು ಬರೆದು ಸಹಿ ಹಾಕುತ್ತೇನೆ. ಮೇಲ್ ತೆರೆದರೆ ನನ್ನದೇ ಪುಟ. ಕೋರ್ಟಿಗೆ ಸಲ್ಲಿಸಿದ ಪುಟಗಳಿಗೆಲ್ಲ ನೆತ್ತಿಯ ಮೇಲೆ ನೀಲಿ ಅಕ್ಷರದ ಸಾಲೊಂದು ಬೀಳುತ್ತದೆ. ಅದರಲ್ಲಿ ಮೊಕದ್ದಮೆಯ ಸಂಖ್ಯೆ, ದಾಖಲೆಯ ಸಂಖ್ಯೆ, ಪುಟದ ಸಂಖ್ಯೆ ಇರುತ್ತವೆ. ಆ ಸಾಲಿನ ಕೆಳಗೆ ನನ್ನ ಸಹಿ. ಸಹಿಯ ಮೇಲೆ ಚೌಕ ಕಂಸದಲ್ಲಿ ನನ್ನ ಟಿಪ್ಪಣಿ: ಶಾಲಾ ದಾಖಲೆಯ ಮಹಿಳೆಯೂ ಮದುವೆಯ ದಾಖಲೆಯ ಮಹಿಳೆಯೂ ಬೇರೆ ಬೇರೆ ವ್ಯಕ್ತಿಗಳಾಗಿರುವಂತೆ ಕಾಣುತ್ತದೆ.

ಶಾಲೆಯ ದಾಖಲೆಯಲ್ಲಿ ಹೆಸರು ವಿಮಲಾ. ಮದುವೆಯ ದಾಖಲೆಯಲ್ಲಿ ಪದ್ಮಾವತಿ. ಅಡ್ಡಹೆಸರೂ ಬೇರೆ. ಮದುವೆಯ ದಾಖಲೆಯಲ್ಲಿ ಹೆಣ್ಣಿನ ತಂದೆಯ ಹೆಸರಿಗೆ ಜಾಗವೇ ಇರಲಿಲ್ಲ. ನಾನು ಮೈಸೂರಿನವಳು. ಮದುವೆಯಾದರೆ ಹೆಸರಿನ ಕೊನೆ ಬದಲಾಗುವುದನ್ನು ಕಂಡಿದ್ದೆ. ಮೊದಲ ಹೆಸರೇ ಬದಲಾಗುತ್ತದೆ ಎಂದು ಗೊತ್ತಿರಲಿಲ್ಲ. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಬಹಳ ಎಚ್ಚರಿಕೆಯವಳು ಎಂಬ ಹಮ್ಮಿನಲ್ಲಿ ಆ ಸಾಲು ಬರೆದಿದ್ದೆ.

ಮಿಕ್ಕ ಪುಟಗಳನ್ನು ಓದಿದೆ. ಅರ್ಜಿದಾರರು ಹ್ಯೂಸ್ಟನ್ನಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇರುವ ಮಹಿಳೆ. ಪೌರತ್ವಕ್ಕೆ ಅರ್ಜಿ ಹಾಕಿದ್ದರು. ಜನನ ಪ್ರಮಾಣಪತ್ರ ಇಲ್ಲದ್ದರಿಂದ ಶಾಲೆಯ ದಾಖಲೆ ಕೊಟ್ಟಿದ್ದರು. ನನ್ನ ಟಿಪ್ಪಣಿಯನ್ನು ಮನೆಯವರು ಯಾರೂ ಓದದೆ ಲಗತ್ತಿಸಿದ್ದರು. ಸಂದರ್ಶನದಲ್ಲಿ ಅಧಿಕಾರಿ ಪ್ರಮಾಣ ಮಾಡಿಸಿ, ನಿಮಗೆ ಬೇರೆ ಹೆಸರು ಇತ್ತೇ ಎಂದು ಕೇಳಿದ್ದರು. ಅವರು ಇಲ್ಲ ಎಂದಿದ್ದರು. ಅರ್ಜಿ ತಿರಸ್ಕಾರವಾಯಿತು. ಇಲಾಖೆಯೊಳಗಿನ ಮರುವಿಚಾರಣೆಯಲ್ಲೂ ತಿರಸ್ಕಾರವಾಯಿತು. ಬೇರೊಬ್ಬಳ ಶಾಲಾ ದಾಖಲೆ ತಂದು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾರೆ, ಹೀಗಾಗಿ ಸನ್ನಡತೆ ಇಲ್ಲ ಎಂಬುದು ಕಾರಣ. ಅದಕ್ಕೆ ಆಧಾರ ಎಂದು ಎರಡು ಕಡೆ ನನ್ನ ಟಿಪ್ಪಣಿಯನ್ನೇ ಎತ್ತಿ ಬರೆದಿದ್ದರು.

ಇಂಥ ತಿರಸ್ಕಾರದ ಮೇಲೆ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ನ್ಯಾಯಾಧೀಶರು ಇಲಾಖೆಯ ತೀರ್ಮಾನಕ್ಕೆ ಕಟ್ಟುಬೀಳದೆ ಮೊದಲಿಂದ ಎಲ್ಲವನ್ನೂ ತಾವೇ ನೋಡುತ್ತಾರೆ. ವಕೀಲೆ ಆ ದಾರಿ ಹಿಡಿದಿದ್ದರು.

"ಗಂಡ ಅಫಿಡವಿಟ್ ಕೊಟ್ಟಿದ್ದಾರೆ" ಎಂದರು ಮರುದಿನ. "ಆದ್ರೆ ಗಂಡ ಅಲ್ವಾ, ಅವರ ಮಾತಿಗೆ ತೂಕ ಕಮ್ಮಿ. ಮದುವೆಗೆ ಬಂದಿದ್ದ ಹಿರಿಯರು ಯಾರೂ ಉಳಿದಿಲ್ಲ. ಆಲ್ಬಮ್ ಹ್ಯೂಸ್ಟನ್ ಫ್ಲಡ್ಡಲ್ಲಿ ಹೋಯ್ತು. ಎರಡೂ ಹೆಸರು ಒಟ್ಟಿಗೆ ಇರೋ ಒಂದು ಹಳೇ ಕಾಗದ ಸಿಕ್ಕಿದ್ರೆ ಸಾಕು."

"ಅವರ ಮನೆಗೆ ಹೋಗಿ ನಾನೇ ಹುಡುಕಲೇ?"

ವಕೀಲೆ ಸ್ವಲ್ಪ ಯೋಚಿಸಿದರು. "ಹೋಗಿ. ಆದ್ರೆ ಕೇಸಿನ ಬಗ್ಗೆ ಅವರಿಗೆ ಏನೂ ಹೇಳಿಕೊಡಬೇಡಿ. ನೀವೂ ಸಾಕ್ಷಿ ಆಗ್ತೀರ."

ಶನಿವಾರ ಬೆಳಿಗ್ಗೆ ಕ್ಯಾರಲ್ಟನ್ ಬಿಟ್ಟೆ. ಹ್ಯೂಸ್ಟನ್ ತಲುಪಲು ನಾಲ್ಕು ಗಂಟೆಯ ಮೇಲಾಯಿತು. ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನ ಸೀರೆ ಅಂಗಡಿಗಳನ್ನು ದಾಟಿ ಎರಡು ತಿರುವು ತಿರುಗಿದರೆ ಅವರ ಮನೆ. ಆಕೆ ಅಲ್ಲಿನ ಅಂಗಡಿಗಳಿಗೆ ಜೋಳದ ರೊಟ್ಟಿ, ಚಟ್ನಿಪುಡಿ ಮಾಡಿಕೊಡುತ್ತಾರೆ. ಬಾಗಿಲು ತೆರೆದಾಗ ಕೈಯಲ್ಲಿ ಹಿಟ್ಟಿತ್ತು. ಇಲ್ಲಿ ಎಲ್ಲರೂ ಅನ್ನುವಂತೆ ನಾನೂ ಆಂಟಿ ಎಂದೆ.

"ಆಂಟಿ, ಆ ಟಿಪ್ಪಣಿ ಬರೆದವಳು ನಾನೇ. ಮೊದಲು ಅದನ್ನ ಹೇಳಬೇಕು ಅಂತ ಬಂದೆ. ತಪ್ಪಾಯ್ತು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಓ, ನೀವ ಏನ್ರಿ ಅದು? ನಾ ಯಾರೋ ದೊಡ್ಡ ಮನಶ್ಯಾ ಅಂದಕೊಂಡಿದ್ದೆ" ಎಂದು ಒಳಗೆ ತಿರುಗಿ, "ಏನ್ರೀ, ಇಲ್ಲೆ ಬರ್ರಿ, ನನ್ನ ಇಬ್ಬರನ್ನಾಗಿ ಮಾಡಿದಾಕಿ ಬಂದಾಳ!" ಎಂದು ಗಂಡನನ್ನು ಕರೆದರು.

ನಿವೃತ್ತ ಎಂಜಿನಿಯರ್ ಅಂಕಲ್ ಹೊರಬಂದು ನಮಸ್ಕಾರ ಹೇಳಿ, "ಒಬ್ಬಾಕೀನ ಸಾಕಾಗ್ಯದ ನಂಗ" ಎಂದರು.

ನಗಬೇಕೋ ಬೇಡವೋ ತಿಳಿಯದೆ ನಿಂತೆ. ಆಂಟಿ ಒಳಗೆ ಕರೆದರು. ಆದರೆ ಕುಳಿತ ಮೇಲೆ ಅವರ ದನಿ ಬದಲಾಯಿತು.

"ನೋಡ್ರಿ, ಪೌರತ್ವ ಕೊಟ್ರ ಕೊಡಲಿ, ಬಿಟ್ರ ಬಿಡಲಿ. ಆದ್ರ ಸುಳ್ಳು ಹೇಳ್ಯಾಳ ಅಂತ ಬರದಾರಲ್ಲ, ಅದು ನಂಗ ಊಟ ಸೇರಗೊಡವಲ್ತು. ಅರವತ್ತಾರು ವರ್ಷದಾಗ ಯಾರೂ ನನಗ ಸುಳ್ಳಿ ಅಂದಿಲ್ಲ. ಅದನ್ನ ಅಳಿಸ್ಬೇಕು. ಅಷ್ಟ."

"ಬೇರೆ ಹೆಸರಿಲ್ಲ ಅಂತ ಯಾಕೆ ಹೇಳಿದ್ರಿ ಆಂಟಿ?"

"ಲಗ್ನದಾಗ ಅಕ್ಕಿ ತಾಟಿನೊಳಗ ಉಂಗುರದಿಂದ ಇವರು ಹೊಸಾ ಹೆಸರು ಬರದ್ರು. ನಮ್ಮ ಕಡೆ ಹಂಗ. ಆವತ್ತಿಂದ ನಾ ಪದ್ಮಾವತಿ. ಹಳೇ ಹೆಸರು ತವರಮನಿಯೊಳಗ ಬಿಟ್ಟು ಬಂದೆ. ಅದು ಈಗ ನಂದು ಅಂತ ನನಗ ನೆನಪಾಗಲೇ ಇಲ್ಲ. ಆ ಆಫೀಸರ ಕೇಳಿದಾಗ ಇಲ್ಲ ಅಂದೆ. ಇದ್ರಾಗ ಸುಳ್ಳೇನದ?"

ನಾನು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಆಮೇಲೆ ಕಾಗದಗಳನ್ನು ನೋಡಲು ಕುಳಿತೆ. ಹಳೆಯ ಪಾಸ್‌ಪೋರ್ಟುಗಳು, ರೇಷನ್ ಕಾರ್ಡಿನ ನಕಲು, ಪತ್ರಗಳ ಒಂದು ಕಟ್ಟು. ಲಗ್ನಕ್ಕೆ ಮುಂಚಿನ ಪತ್ರಗಳಲ್ಲಿ ವಿಮಲಾ, ನಂತರದವುಗಳಲ್ಲಿ ಪದ್ಮಾವತಿ. ಎರಡೂ ಒಂದೇ ಹಾಳೆಯ ಮೇಲೆ ಎಲ್ಲೂ ಇರಲಿಲ್ಲ. ಲಗ್ನಪತ್ರಿಕೆ ಸಿಕ್ಕಿತು. ಬಿಡಿಸಿ ನೋಡಿದೆ. ಆದರೆ ಅದು ಲಗ್ನಕ್ಕೆ ಮುಂಚೆ ಅಚ್ಚಾದದ್ದು. ವಿಮಲಾ ಎಂದಷ್ಟೇ ಇತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲವನ್ನೂ ಮುಚ್ಚಿಟ್ಟೆ.

"ಏಳವಾ, ಉಣ್ಣೇಳು" ಎಂದರು ಆಂಟಿ. ಅಷ್ಟರೊಳಗೆ ಅವರ ಬಾಯಲ್ಲಿ ನಾನು ಏಕವಚನಕ್ಕೆ ಬಂದಿದ್ದೆ.

ಬದನೆಕಾಯಿ ಎಣಗಾಯಿ, ರೊಟ್ಟಿ. ಪುಡಿಯನ್ನು ಒಂದು ಸ್ಟೀಲ್ ಡಬ್ಬಿಯಿಂದ ಬಡಿಸಿ ಡಬ್ಬಿಯನ್ನು ನನ್ನ ಪಕ್ಕಕ್ಕಿಟ್ಟರು. ಕನ್ನಡ ಅಕ್ಷರ ಎಲ್ಲಿ ಕಂಡರೂ ಓದುವುದು ನನ್ನ ಚಾಳಿ. ಡಬ್ಬಿಯ ಹೊಟ್ಟೆಯ ಮೇಲೆ, ಪಾತ್ರೆ ಅಂಗಡಿಯವರು ಉಳಿಯಿಂದ ಕುಟ್ಟಿ ಹಾಕುವ ಚುಕ್ಕೆ ಅಕ್ಷರಗಳಿದ್ದವು. ತಿಕ್ಕಿ ತಿಕ್ಕಿ ಸವೆದಿದ್ದವು. ಬೆಳಕಿಗೆ ತಿರುಗಿಸಿದೆ. ಬಾಯಲ್ಲಿದ್ದ ತುತ್ತು ಬಾಯಲ್ಲೇ ನಿಂತಿತು.

ಚಿ. ಸೌ. ವಿಮಲಾ ಉರ್ಫ್ ಪದ್ಮಾವತಿ ಇವಳಿಗೆ ಸೋದರಮಾವನ ದೀಪಾವಳಿ ಉಡುಗೊರೆ.

ಅದರ ಕೆಳಗೆ ಕನ್ನಡ ಅಂಕಿಯಲ್ಲಿ ಇಸವಿ. ಮದುವೆಯ ದಾಖಲೆಯಲ್ಲಿದ್ದ ಇಸವಿಯೇ.

"ಆಂಟಿ, ಇದೇನಿದು?"

"ಪುಡಿ ಡಬ್ಬಿ. ಲಗ್ನದ ಮೊದಲನೇ ದೀಪಾವಳಿಗೆ ನಮ್ಮ ಮಾವ ಕೊಟ್ಟದ್ದು. ಅವ ಭಾಳ ಹಟಮಾರಿ. ನಾ ಇಟ್ಟ ಹೆಸರು ಅಳಸಲಿಕ್ಕೆ ಅವರ್ಯಾರು ಅಂತ ಎರಡೂ ಹೆಸರು ಹಾಕಿಸಿಕೊಂಡು ಬಂದಿದ್ದ. ನಮ್ಮ ಅತ್ತಿಯವರು ಆರು ತಿಂಗಳು ಆ ಡಬ್ಬಿ ಮುಟ್ಟಲಿಲ್ಲ."

"ಇದನ್ನ ವಕೀಲರಿಗೆ ಯಾಕೆ ತೋರಿಸಲಿಲ್ಲ?"

"ಅವರು ಕಾಗದ ಕೇಳಿದ್ರವಾ. ಡಬ್ಬಿ ಯಾರು ಕೇಳಿದ್ರು?"

ಅಂಕಲ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಜೋರಾಗಿ ನಕ್ಕರು. ಪ್ರವಾಹದ ನೀರಿನಲ್ಲಿ ಮೂರು ದಿನ ತೇಲಿತ್ತಂತೆ ಆ ಡಬ್ಬಿ. ಕೈ ತೊಳೆದು ಬಂದು ತೆಳು ಕಾಗದವನ್ನು ಅಕ್ಷರಗಳ ಮೇಲೆ ಹಿಡಿದು ಪೆನ್ಸಿಲ್ ಉಜ್ಜಿದೆ. ಚುಕ್ಕೆಗಳು ಬೆಳ್ಳಗೆ ಎದ್ದವು. ಎರಡು ಚುಕ್ಕೆ ಸವೆದು ಹೋಗಿದ್ದವು. ಅವನ್ನು ನಾನು ತುಂಬಲಿಲ್ಲ. ಸವೆದಿವೆ ಎಂದು ಪಕ್ಕದಲ್ಲಿ ಬರೆದೆ. ಬೇರೆ ಬೇರೆ ಬೆಳಕಿನಲ್ಲಿ ಹನ್ನೆರಡು ಫೋಟೊ ತೆಗೆದೆ.

ಮುಂದಿನ ವಾರ ಆಸ್ಟಿನ್ನಿಗೆ ಹೋದೆ. ವಕೀಲೆ ನನ್ನ ಹೇಳಿಕೆಯ ಕರಡು ತಯಾರಿಸಿದ್ದರು. ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ ಎಂದು ಒಪ್ಪಿ ಸಹಿ ಮಾಡುವ, ಅಂಕಿ ಹಾಕಿದ ಪ್ಯಾರಾಗಳ ಹೇಳಿಕೆ. ಆರನೆಯ ಪ್ಯಾರಾದಲ್ಲಿ, ಟಿಪ್ಪಣಿ ಅಸ್ಪಷ್ಟವಾಗಿತ್ತು ಎಂದಿತ್ತು.

"ಅಸ್ಪಷ್ಟ ಅಲ್ಲ" ಎಂದೆ. "ಸ್ಪಷ್ಟವಾಗೇ ಇತ್ತು. ಸ್ಪಷ್ಟವಾಗಿ ತಪ್ಪಾಗಿತ್ತು."

ವಕೀಲೆ ಪೆನ್ನು ಕೆಳಗಿಟ್ಟರು. "ಮೇಡಂ, ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ತಪ್ಪು ಅಂತ ಬರೆದ್ರೆ ಆ ಪುಟ ಶಾಶ್ವತ. ನಾಳೆ ಇನ್ಯಾವ್ದೋ ಕೇಸಲ್ಲಿ, ಈಕೆ ಹಿಂದೆ ತಪ್ಪು ಮಾಡಿದ್ದೀನಿ ಅಂತ ಒಪ್ಕೊಂಡಿದ್ದಾಳೆ ಅಂತ ತೆಗೀತಾರೆ. ಕೆಲಸ ಹೋಗಬಹುದು. ನಮಗೆ ಡಬ್ಬಿ ಇದೆಯಲ್ಲ, ಸಾಕು."

ಯೋಚಿಸಲು ಸಮಯ ಕೇಳಿದೆ. ಹೊರಗೆ ಕಾರಿನಲ್ಲಿ ಅರ್ಧ ಗಂಟೆ ಕುಳಿತೆ. ನಿಜ ಹೇಳಬೇಕೆಂದರೆ ಕರಡಿಗೇ ಸಹಿ ಹಾಕಿಬಿಡೋಣ ಎಂದು ಎರಡು ಸಲ ಅನ್ನಿಸಿತು. ಆದರೆ ಅಸ್ಪಷ್ಟ ಎಂದರೆ ಇಬ್ಬರು ಹೆಂಗಸರು ಇರಬಹುದೆಂಬ ಅನುಮಾನ ಉಳಿದೇ ಇರುತ್ತದೆ. ಅದು ಉಳಿದರೆ ಆಂಟಿ ಕೇಳಿದ್ದು ಸಿಗುವುದಿಲ್ಲ. ಒಳಗೆ ಹೋಗಿ ಆರನೆಯ ಪ್ಯಾರಾವನ್ನು ನಾನೇ ಹೀಗೆ ಬರೆದೆ: ಆ ಟಿಪ್ಪಣಿಯಲ್ಲಿ ನಾನು ದಾಖಲೆಯಲ್ಲಿ ಇಲ್ಲದ್ದನ್ನು ಬರೆದೆ. ಅದು ಅನುವಾದವಲ್ಲ, ಊಹೆ. ಊಹೆ ತಪ್ಪು. ಆ ಭಾಗದ ಪದ್ಧತಿ ನನಗೆ ಗೊತ್ತಿರಲಿಲ್ಲ. ಕೇಳಿ ತಿಳಿಯುವ ಪ್ರಯತ್ನವನ್ನೂ ಮಾಡಲಿಲ್ಲ.

ವಕೀಲೆ ಓದಿ, "ಸರಿ. ಇದು ಇನ್ನೂ ಗಟ್ಟಿಯಾಗಿದೆ. ನಿಮ್ಮ ಪಾಲಿಗೆ ಇನ್ನೂ ಕೆಟ್ಟದಾಗಿದೆ" ಎಂದರು.

ಮನೆಗೆ ಬಂದು ಹಳೆಯ ಕಡತಗಳನ್ನೆಲ್ಲ ತೆಗೆದು ನೋಡಿದೆ. ಅಂಥ ಟಿಪ್ಪಣಿ ಇನ್ನೂ ಮೂರು ಕಡೆ ಇತ್ತು. ಮೂವರಿಗೂ ಪತ್ರ ಬರೆದೆ.

ಹೇಳಿಕೆ ಸಲ್ಲಿಸಿದ ಮೇಲೆ ಸರ್ಕಾರದ ವಕೀಲರು ನನ್ನನ್ನು ಪ್ರಶ್ನಿಸಬೇಕೆಂದರು. ಆಸ್ಟಿನ್ ಕಚೇರಿಯಲ್ಲೇ, ಬೆರಳಚ್ಚುಗಾರ್ತಿಯೊಬ್ಬರು ಪ್ರತಿ ಮಾತನ್ನೂ ದಾಖಲಿಸುತ್ತಿರುವಾಗ, ಮೂರು ಗಂಟೆ ನಡೆಯಿತು. ಅವರು ಸೌಜನ್ಯದ ಮನುಷ್ಯ. ಸೌಜನ್ಯದಿಂದಲೇ ಕೇಳಿದರು.

"ಆಗ ನಿಖರ ಎಂದು ಸಹಿ ಮಾಡಿದಿರಿ. ಈಗ ತಪ್ಪು ಎಂದು ಸಹಿ ಮಾಡಿದ್ದೀರಿ. ನಾನು ಯಾವ ಸಹಿಯನ್ನು ನಂಬಲಿ?"

ನೀರು ಕುಡಿದೆ. "ಎರಡನ್ನೂ ನಂಬಿ. ಹೆಸರು, ತಾರೀಖು, ಮುದ್ರೆ ಎಲ್ಲವನ್ನೂ ಇದ್ದ ಹಾಗೆ ಇಳಿಸಿದ್ದೇನೆ. ಆ ಸಹಿ ಅದಕ್ಕೆ. ಕಂಸದೊಳಗಿನದು ದಾಖಲೆಯ ಮಾತಲ್ಲ, ನನ್ನ ಮಾತು. ಎರಡನೆಯ ಸಹಿ ಅದಕ್ಕೆ."

ಅವರು ಏನೋ ಬರೆದುಕೊಂಡರು. ಮುಖದಿಂದ ಏನೂ ತಿಳಿಯಲಿಲ್ಲ. ಕೊನೆಗೆ, ವಿಚಾರಣೆಯ ದಿನ ಡಬ್ಬಿಯನ್ನೇ ತರಬೇಕು, ಫೋಟೊ ಸಾಲದು ಎಂದರು.

ವಿಚಾರಣೆ ಹ್ಯೂಸ್ಟನ್ನಿನ ಫೆಡರಲ್ ಕೋರ್ಟಿನಲ್ಲಿ. ಭದ್ರತಾ ತಪಾಸಣೆಯ ಯಂತ್ರದೊಳಗೆ ಡಬ್ಬಿ ಹೋಗಿ ಅಲ್ಲೇ ನಿಂತಿತು. ಕಾವಲಿನವರು ಮುಚ್ಚಳ ತೆಗೆಯಿರಿ ಎಂದರು. ತೆಗೆದರೆ ತುಂಬ ಶೇಂಗಾ ಉಂಡೆ.

"ಆಂಟಿ!" ವಕೀಲೆ ಡಬ್ಬಿಗೆ ಕೈ ಹಾಕಿದರು. "ಇದು ಎಕ್ಸಿಬಿಟ್! ಸಾಕ್ಷ್ಯ!"

"ಖಾಲಿ ಡಬ್ಬಿ ಹೆಂಗ ಒಯ್ಯೂದವಾ ಮಂದಿ ಮನಿಗೆ?" ಎಂದರು ಆಂಟಿ, ಪೂರಾ ಗಂಭೀರವಾಗಿ. "ಅದೂ ಜಜ್ಜಿನ ಮುಂದ!"

ಉಂಡೆಗಳನ್ನು ಚೀಲಕ್ಕೆ ಸುರಿದುಕೊಂಡು ಅಂಕಲ್ ಕಾರಿಗೆ ಓಡಿದರು. ವಕೀಲೆ ಕರವಸ್ತ್ರದಿಂದ ಡಬ್ಬಿ ಒರೆಸಿಟ್ಟು ಅತ್ತ ತಿರುಗಿದಾಗ ಆಂಟಿ ತಮ್ಮ ಪರ್ಸಿನಿಂದ ಸಕ್ಕರೆಯ ಸಣ್ಣ ಪೊಟ್ಟಣ ತೆಗೆದು ನಾಲ್ಕು ಕಾಳು ಒಳಗೆ ಹಾಕಿದರು. ನಾನು ನೋಡಿದೆ. ಮುಚ್ಚಳ ಹಾಕಿದೆ.

ಸಾಕ್ಷಿಗಳು ತಮ್ಮ ಸರದಿ ಬರುವ ತನಕ ಹೊರಗಿರಬೇಕು. ಮೊದಲ ಸರದಿ ನನ್ನದು. ಬಲಗೈ ಎತ್ತಿ ಪ್ರಮಾಣ ಮಾಡಿದೆ. ಕಟಕಟೆಯ ಅಂಚನ್ನು ಎಡಗೈಯಲ್ಲಿ ಹಿಡಿದುಕೊಂಡೆ. ನ್ಯಾಯಾಧೀಶರು ನರೆಗೂದಲಿನ ಹೆಂಗಸು. ಡಬ್ಬಿಯನ್ನು ತರಿಸಿ, ಕನ್ನಡಕ ಏರಿಸಿ ಅಕ್ಷರಗಳ ಮೇಲೆ ಬೆರಳಾಡಿಸಿದರು. ಓದಿ ಎಂದರು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿದೆ.

"ಇದನ್ನು ಮೊದಲು ಕಂಡದ್ದು ಯಾವಾಗ?"

"ಅವರ ಮನೆಯಲ್ಲಿ ಊಟ ಮಾಡುವಾಗ."

"ನಿಮ್ಮ ಟಿಪ್ಪಣಿಯಿಂದ ತೊಂದರೆಯಾದವರ ಮನೆಯಲ್ಲಿ?"

"ಹೌದು. ಎರಡು ರೊಟ್ಟಿ ಆಗಿತ್ತು. ಮೂರನೆಯದು ಅರ್ಧ."

ಯಾರೋ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಅದು ನಿಖರವಾದ ಉತ್ತರ. ನ್ಯಾಯಾಧೀಶರು ಮುಚ್ಚಳ ತೆಗೆದು ಒಳಗೆ ಇಣುಕಿದರು. "ಇದರಲ್ಲಿ ಸಕ್ಕರೆ ಇದೆ" ಎಂದರು. ವಕೀಲೆ ಕಣ್ಣು ಮುಚ್ಚಿಕೊಂಡರು. ಪಾತ್ರೆಯನ್ನು ಖಾಲಿ ಒಯ್ಯುವುದಿಲ್ಲ ಎಂಬ ಪದ್ಧತಿಯನ್ನು ವಿವರಿಸಿ, ನನಗೆ ಇದು ಗೊತ್ತು, ಏಕೆಂದರೆ ನಮ್ಮಲ್ಲೂ ಇದೆ ಎಂದು ಸೇರಿಸಿದೆ. ಅವರು ಮುಚ್ಚಳವನ್ನು ಮೆಲ್ಲಗೆ ಹಾಕಿದರು.

ನನ್ನ ಸಾಕ್ಷ್ಯ ಮುಗಿದದ್ದರಿಂದ ಒಳಗೇ ಕುಳಿತಿರಲು ಬಿಟ್ಟರು. ಆಂಟಿಯನ್ನು ಕರೆದರು. ಪಕ್ಕದಲ್ಲಿ ಕೋರ್ಟು ನೇಮಿಸಿದ ದುಭಾಷಿ, ಉಡುಪಿ ಕಡೆಯ ಸಣ್ಣ ವಯಸ್ಸಿನ ಗೃಹಸ್ಥರು. ಹೆಸರು ಹೇಳಿದ್ದಾಯಿತು. ಗಂಡನ ಹೆಸರು ಹೇಳಿ ಎಂದು ಸರ್ಕಾರದ ವಕೀಲರು ಕೇಳಿದರು. ಆಂಟಿ ಸೆರಗು ಸರಿಮಾಡಿಕೊಂಡು, ನ್ಯಾಯಾಧೀಶರ ಕಡೆ ತಿರುಗಿ, ಸ್ಪಷ್ಟವಾಗಿ ಹೇಳಿದರು:

"ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ,
ಗುರುನಾಥರಾಯರ ಹೆಸರು ಹೇಳತೀನಿ ಹ್ಯೂಸ್ಟನ್ ಜನಕ."

ದುಭಾಷಿ ಬಾಯಿ ತೆರೆದು ಮುಚ್ಚಿದರು. "ಮಾನ್ಯರೇ, ಸಾಕ್ಷಿ... ಪದ್ಯದಲ್ಲಿ ಉತ್ತರಿಸಿದ್ದಾರೆ" ಎಂದರು. ಹಿಂದಿನ ಸಾಲಿನಲ್ಲಿ ಅಂಕಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆಂಟಿಯೇ ವಿವರಿಸಿದರು: "ನಮ್ಮ ಕಡೆ ಗಂಡನ ಹೆಸರು ಹಂಗ ಬರೇ ಹೇಳೂದಿಲ್ರಿ. ಒಡಪು ಕಟ್ಟಿ ಹೇಳ್ತೀವಿ. ಪ್ರಮಾಣ ಮಾಡಿಸೀರಿ, ಅದಕ್ಕ ಸರಿಯಾಗಿ ಹೇಳಿದೆ."

ಸರ್ಕಾರದ ವಕೀಲರು ಒಂದು ಕ್ಷಣ ಕಾಗದ ನೋಡಿಕೊಂಡರು. ಆಮೇಲೆ ಕೇಳಿದ್ದು ಒಂದೇ ಮುಖ್ಯ ಪ್ರಶ್ನೆ. ಹಳೆಯ ಹೆಸರನ್ನು ಅಧಿಕಾರಿಯಿಂದ ಯಾಕೆ ಮುಚ್ಚಿಟ್ಟಿರಿ?

"ಮುಚ್ಚಿಡೂದಿದ್ರ ಆ ಶಾಲಿ ಕಾಗದ ನಾನ ಯಾಕ ತಂದು ಕೊಡ್ತಿದ್ದೆ?" ಎಂದರು ಆಂಟಿ.

ಇಷ್ಟು ತಿಂಗಳಲ್ಲಿ ವಕೀಲೆಯಾಗಲಿ ನಾನಾಗಲಿ ಅದನ್ನು ಅಷ್ಟು ಸರಳವಾಗಿ ಹೇಳಿರಲಿಲ್ಲ. ಮುಂದೆ ಪ್ರಶ್ನೆಯಿಲ್ಲ ಎಂದು ಸರ್ಕಾರದ ವಕೀಲರು ಕುಳಿತರು.

ತೀರ್ಪು ಆ ದಿನ ಬರಲಿಲ್ಲ. ಐದು ವಾರ ಕಾದೆವು. ಆ ಐದು ವಾರ ನಾನು ಅನುವಾದದ ಒಂದೊಂದು ಪುಟವನ್ನೂ ಮೂರು ಸಲ ತಿದ್ದಿದೆ. ತೀರ್ಪು ಫೋನಿಗೆ ಬಂದದ್ದು ಕ್ಯಾರಲ್ಟನ್ನಿನ ದಿನಸಿ ಅಂಗಡಿಯಲ್ಲಿ ನಾನು ಮೆಂತ್ಯ ಸೊಪ್ಪು ಆರಿಸುತ್ತಿದ್ದಾಗ. ಬುಟ್ಟಿಯನ್ನು ಅಲ್ಲೇ ಬಿಟ್ಟು ಕಾರಿಗೆ ಹೋಗಿ ಹದಿನಾಲ್ಕು ಪುಟವನ್ನೂ ಮೊದಲಿಂದ ಓದಿದೆ. ಕೊನೆಯ ಪುಟಕ್ಕೆ ಹಾರಲಿಲ್ಲ. ಒಂಬತ್ತನೆಯ ಪುಟದಲ್ಲಿ ನಾನಿದ್ದೆ: ಅನುವಾದಕಿಯ ಟಿಪ್ಪಣಿ ಸಾಕ್ಷ್ಯವಲ್ಲ, ಊಹೆ, ಅದು ತಪ್ಪೆಂದು ಆಕೆಯೇ ಒಪ್ಪಿದ್ದಾರೆ, ಆ ಒಪ್ಪಿಗೆಯನ್ನು ನ್ಯಾಯಾಲಯ ನಂಬುತ್ತದೆ. ನನ್ನ ತಪ್ಪು ಅಚ್ಚಿನಲ್ಲಿ ಹೀಗೆ ಉಳಿಯಿತು. ಸುಳ್ಳಲ್ಲದ್ದರಿಂದ ಓದಲು ಕಷ್ಟವಾಗಲಿಲ್ಲ.

ಹನ್ನೆರಡನೆಯ ಪುಟ: ಅರ್ಜಿದಾರರು ಸುಳ್ಳು ಹೇಳಿಲ್ಲ. ಹದಿನಾಲ್ಕನೆಯ ಪುಟ: ಅರ್ಜಿ ಮಂಜೂರು.

ಫೋನ್ ಮಾಡಿದೆ. ಆಂಟಿ ಮಂಜೂರಿಯ ಬಗ್ಗೆ ಕೇಳಲೇ ಇಲ್ಲ. "ಆ ಸಾಲು ಓದು. ಸುಳ್ಳು ಹೇಳಿಲ್ಲ ಅನ್ನೂದು. ಇಂಗ್ಲಿಷಿನಾಗೂ ಓದು, ಕನ್ನಡದಾಗೂ ಓದು." ಓದಿದೆ. "ಇನ್ನೊಮ್ಮೆ." ಮತ್ತೆ ಓದಿದೆ. ಆ ಕಡೆಯಿಂದ ಅಂಕಲ್, "ಇವತ್ತು ಹೋಳಿಗಿ ಆಗಬೇಕಲ್ಲ!" ಎಂದು ಕೂಗುವುದು ಕೇಳಿಸಿತು.

ಪೌರತ್ವದ ಪ್ರಮಾಣವಚನಕ್ಕೆ ಮತ್ತೆ ಹ್ಯೂಸ್ಟನ್ನಿಗೆ ಹೋದೆ. ದೊಡ್ಡ ಸಭಾಂಗಣದಲ್ಲಿ ನೂರಾರು ಜನ ಒಟ್ಟಿಗೆ ಬಲಗೈ ಎತ್ತಿ ನಿಂತರು. ಆಂಟಿ ಇಳಕಲ್ ಸೀರೆ ಉಟ್ಟಿದ್ದರು. ಮುಗಿದ ಮೇಲೆ ಬಾಗಿಲ ಬಳಿ ಸ್ವಯಂಸೇವಕರು ಮೇಜು ಹಾಕಿಕೊಂಡು ಹೊಸ ಪ್ರಜೆಗಳನ್ನು ಮತದಾರರ ಪಟ್ಟಿಗೆ ಸೇರಿಸುತ್ತಿದ್ದರು. ಆಂಟಿ ಒಂದು ನಮೂನೆ ತೆಗೆದುಕೊಂಡರು. ನಾನು ಅಭ್ಯಾಸಬಲದಿಂದ ಪೆನ್ನು ತೆಗೆದು, "ಕೊಡಿ ಆಂಟಿ, ನಾನು ತುಂಬಿಕೊಡ್ತೀನಿ" ಎಂದೆ.

ಅವರು ನಮೂನೆಯನ್ನು ಎದೆಗೆ ಒತ್ತಿ ಹಿಡಿದುಕೊಂಡರು.

"ಬ್ಯಾಡವಾ ತಾಯಿ. ನೀ ಬರದ್ರ ಮತ್ತ ಕೋರ್ಟಿಗೆ ಹೋಗಬೇಕಾದೀತು."

ವಕೀಲೆ ಗೋಡೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ನಮೂನೆಯಲ್ಲಿ, ಹಿಂದೆ ಬೇರೆ ಹೆಸರಿದ್ದರೆ ಬರೆಯಿರಿ ಎಂಬ ಒಂದು ಖಾನೆ ಇದೆ. ಆಂಟಿ ಅಲ್ಲಿಗೆ ಬಂದು ನಿಂತರು. ಸ್ವಯಂಸೇವಕಿ, ಅದನ್ನು ಬಿಟ್ಟರೂ ನಡೆಯುತ್ತದೆ ಎಂದರು. ಹಿಂದೆ ಸಾಲು ಬೆಳೆಯುತ್ತಿತ್ತು. ಆಂಟಿ ಅವರಿಗೆ ಇಂಗ್ಲಿಷಿನಲ್ಲೇ, ಸ್ವಲ್ಪ ತಡೆಯಿರಿ ಎಂದು ಹೇಳಿ, ಮೇಜಿನ ಮೇಲೆ ಬಾಗಿ, ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ವಿಮಲಾ ಎಂದು ಬರೆದರು. ತಂದೆಯ ಹೆಸರನ್ನೂ ಅಡ್ಡಹೆಸರನ್ನೂ ಸೇರಿಸಿದರು. ಖಾನೆ ಸಾಲದೆ ಕೊನೆಯ ಎರಡು ಅಕ್ಷರ ಅಂಚಿನ ಗೆರೆಯನ್ನು ದಾಟಿದವು.